ಮೊದಲ ಅಧ್ಯಾಯಕ್ಕೆ ಕತ್ತರಿಸಿದ ಕಾಗದಗಳು

೧೭೯೮, ಜನವರಿ ೯. ಎಕ್ಸೆಟರ್

ಲಂಡನ್ನಿನ ಪ್ರಕಾಶಕ ಸ್ಪರ್ಲಿಂಗ್ ನನ್ನ ಹೊಸ ಕಾದಂಬರಿಯ ಮೊದಲ ಅಧ್ಯಾಯವನ್ನು ವಾಪಸು ಕಳಿಸಿದ್ದಾರೆ. ಜೊತೆಗೆ ನಾಲ್ಕೇ ಸಾಲು. ‘ಮಿಸ್ ಡಾರ್ಕಸ್ ಪೆಲ್ಲೋ ಅವರಿಗೆ. ಕೋಟೆ ಇದೆ, ಬಿರುಗಾಳಿ ಇದೆ, ಗೂಬೆಯೂ ಇದೆ. ಹೆದರಿಕೆ ಮಾತ್ರ ಇಲ್ಲ. ನಿಮ್ಮ ಹಿಂದಿನ ಪುಸ್ತಕದಲ್ಲೂ ಇದೇ ಗೂಬೆ ಕೂತಿತ್ತು.’ ಓದಿ ಮೈಯೆಲ್ಲ ಉರಿದುಹೋಯಿತು. ಹಿಂದಿನ ಪುಸ್ತಕದಲ್ಲಿ ಇದ್ದದ್ದು ಬಾವಲಿ.

ಸಿಟ್ಟು ಮಾಡಿಕೊಂಡು ಕೂತರೆ ನಡೆಯುವುದಿಲ್ಲ. ಮೊದಲ ಸಂಪುಟ ಅಚ್ಚಿಗೆ ಹೋದ ಮೇಲೆಯೇ ನಾವು ಎರಡನೆಯದು, ಮೂರನೆಯದು ಬರೆಯುವುದು. ಮೊದಲ ಅಧ್ಯಾಯ ಒಮ್ಮೆ ಅಚ್ಚಾಯಿತೋ, ಮುಗಿಯಿತು. ಅದರಲ್ಲಿ ಕೊಟ್ಟ ಮಾತನ್ನು ತೀರಿಸಲು ಮುಂದಿನ ಎಂಟುನೂರು ಪುಟ ದುಡಿಯಬೇಕು. ಮಧ್ಯಾಹ್ನ ಮಿಸೆಸ್ ಟಪ್ಪರಳ ಬಾಡಿಗೆ ಪುಸ್ತಕದ ಅಂಗಡಿಗೆ ಹೋಗಿ ಗೋಳು ತೋಡಿಕೊಂಡೆ. ಆಕೆ ಮಾಂಸದ ಪೈ ತಿನ್ನುತ್ತಲೇ ಅಂದಳು:

“ನೋಡ್ರೀ ಡಾರ್ಕಸ್, ನನ್ ಗಿರಾಕಿಗಳು ಇಲ್ಲೇ ನಿಂತ್ಕೊಂಡು ಹತ್ತು ಪುಟ ಓದ್ತಾರೆ. ಅಷ್ಟರಲ್ಲಿ ಕೈ ತಣ್ಣಗಾಗ್ಲಿಲ್ಲ ಅಂದ್ರೆ ಪುಸ್ತಕ ಅಲ್ಲೇ ಕುಕ್ಕಿ ಹೋಗ್ತಾರೆ. ನಿಮ್ ಗೂಬೆಗೆ ಈಗ ಮಕ್ಕಳೂ ಹೆದ್ರಲ್ಲ.”

“ಮತ್ತಿನ್ನೇನಕ್ಕೆ ಹೆದರ್ತಾರಂತೆ?”

“ನಿಜ ಅನ್ಸೋದಕ್ಕೆ” ಅಂದು ಬೆರಳು ನೆಕ್ಕಿಕೊಂಡಳು. ದೊಡ್ಡ ಪಂಡಿತೆ!

ಜನವರಿ ೨೨

ಮೂರು ಸಲ ಶುರು ಮಾಡಿದೆ. ಮೂರೂ ಒಲೆಗೆ ಹೋದವು.

ತಂಗಿ ಟ್ಯಾಮ್ಸಿನ್ ಇದ್ದಿದ್ದರೆ ಎದುರಿಗೆ ಕೂತು ಗೇಲಿ ಮಾಡುತ್ತಿದ್ದಳು. ನನ್ನ ಎರಡು ಪುಸ್ತಕಗಳನ್ನೂ ಅಚ್ಚಿಗೆ ಹೋಗುವ ಮುಂಚೆ ಚೊಕ್ಕಟವಾಗಿ ನಕಲು ಮಾಡಿದ್ದು ಅವಳೇ. ಅವಳು ನಕಲು ಮಾಡುವುದು, ನಾನು ಪಾಠ ಹೇಳುವುದು, ಹೀಗೆ ಆರು ವರ್ಷ ಕಳೆಯಿತು.

“ಮೊದಲ ಅಧ್ಯಾಯದಲ್ಲಿ ಏನೂ ಆಗಬಾರದು ಕಣೇ. ಆಗುತ್ತೆ ಅಂತ ಗೊತ್ತಾಗಬೇಕು ಅಷ್ಟೆ. ಅದಕ್ಕೆ ಐದು ಸಾಮಾನು ಸಾಕು. ಸತ್ತವಳ ಒಂದು ವಸ್ತು, ಮುಚ್ಚಿಹೋದ ಒಂದು ಬಾಗಿಲು, ಆಳಿನ ಬಾಯಲ್ಲಿ ಅರ್ಧಕ್ಕೆ ನಿಂತ ಮಾತು, ಹುಡುಗಿ ಬೇಡ ಅನ್ನೋಕಾಗದ ಒಂದು ಉಪಚಾರ. ಆಮೇಲೆ ಊರೆಲ್ಲ ಹೊಗಳೋ ಒಬ್ಬ ಗಂಡಸು. ಐದೂ ಸೇರಿತೋ, ಈ ಹುಡುಗಿಗೆ ಉಳಿಗಾಲ ಇಲ್ಲ ಅಂತ ಓದೋರಿಗೆ ಗೊತ್ತಾಗುತ್ತೆ. ಹುಡುಗಿಗೆ ಮಾತ್ರ ಗೊತ್ತಿರಲ್ಲ.”

“ಅವಳೇನು ಅಷ್ಟು ದಡ್ಡೀನಾ ಅಕ್ಕ?”

“ದಡ್ಡಿ ಆಗದಿದ್ರೆ ಎರಡನೇ ಅಧ್ಯಾಯಕ್ಕೇ ಓಡಿಹೋಗ್ತಾಳಲ್ಲೇ! ನನ್ನ ಗತಿ?”

ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಹೋದ ಅಕ್ಟೋಬರಿನಲ್ಲಿ ಮದುವೆಯಾಗಿ ಗ್ಲಾಸ್ಟರಿನ ಆಚೆ ಹೋದಳು. ಗಂಡ ಹಾಲ್ಡನ್ ಎರಡನೇ ಸಂಬಂಧದವರು, ಆದರೆ ಚಿನ್ನದಂಥ ಮನುಷ್ಯ. ದುಂಡಗೆ, ಕೆಂಪಗೆ, ಸೇಬಿನ ಹಾಗೆ. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ. ಮನೆ ಕಟ್ಟಿ ಹದಿನೈದು ವರ್ಷವೂ ಆಗಿಲ್ಲ, ಆಳೆತ್ತರದ ಕಿಟಕಿಗಳು. ನನ್ನ ಕಸುಬಿಗೆ ಒಂದಿಷ್ಟೂ ಉಪಯೋಗವಿಲ್ಲದ ಮನೆ.

ಫೆಬ್ರವರಿ ೬

ಟ್ಯಾಮ್ಸಿನ್‌ಳ ಕಾಗದ ಬಂತು. ಹಾಲ್ಡನ್ ಅವರಿಗೆ ಪಾರ್ಲಿಮೆಂಟಿನ ಸದಸ್ಯರೊಬ್ಬರ ಸ್ನೇಹವಿದೆ. ಆ ಸದಸ್ಯರ ಸಹಿ ಬಿದ್ದರೆ ಟಪಾಲು ಬಿಟ್ಟಿ. ಹಾಗಾಗಿ ಅವಳ ಕಾಗದಗಳೆಲ್ಲ ಗಂಡನ ಕೈಯಿಂದಲೇ ಹೊರಡುತ್ತವೆ, ನನ್ನವು ಗಂಡನ ಕೈಗೇ ಬೀಳುತ್ತವೆ. ಎಷ್ಟು ಅನುಕೂಲ! ಇಷ್ಟು ದಿನ ಹವಾಮಾನ, ಕೋಳಿ, ಪಾದ್ರಿಯ ನೆಗಡಿ ಇಷ್ಟನ್ನೇ ಬರೆಯುತ್ತಿದ್ದಳು. ಈ ಸಲ ನೋಡಿದರೆ ಬೇರೆಯೇ ಧಾಟಿ:

‘ಅಕ್ಕ, ನಿನ್ನ ಪುಸ್ತಕಕ್ಕೆ ಆಗಬಹುದೇನೋ ಅಂತ ಬರೀತಿದ್ದೀನಿ. ಬರಿ ಬರಿ ಅಂತ ಇವರೂ ನಗ್ತಿದ್ದಾರೆ. ನನ್ನ ಕೋಣೆಯ ಮೇಜಿನ ಖಾನೆಯಲ್ಲಿ ಇವರ ಮೊದಲ ಹೆಂಡತಿಯ ಒಂದು ಜೊತೆ ಕೈಗವಸು ಸಿಕ್ಕಿತು. ಬಲಗೈಯ ಕಿರುಬೆರಳಿನ ತುದಿಯನ್ನ ಹಲ್ಲಲ್ಲಿ ಕಚ್ಚಿ ಹರಿದಿದ್ದಾಳೆ. ಹೊಲಿದಿದ್ದಾಳೆ. ಮತ್ತೆ ಕಚ್ಚಿದ್ದಾಳೆ. ಮತ್ತೆ ಹೊಲಿದಿದ್ದಾಳೆ. ಈ ಮನೇಲಿ ಅವಳ ಹೆಸರು ಯಾರೂ ಎತ್ತೋದಿಲ್ಲ. ಇದು ಒಂದು ಅಂತ ಇಟ್ಕೋ.’

ಅಬ್ಬಾ! ಓದಿ ನನ್ನ ಕೈಯೇ ತಣ್ಣಗಾಯಿತು. ಕಚ್ಚಿ, ಹೊಲಿದು, ಮತ್ತೆ ಕಚ್ಚುವುದು! ಆರು ವರ್ಷ ನನ್ನನ್ನು ಆಡಿಕೊಂಡವಳು, ಮದುವೆಯಾಗಿ ನಾಲ್ಕು ತಿಂಗಳಿಗೆ ಕಸುಬು ಕಲಿತುಬಿಟ್ಟಿದ್ದಾಳೆ. ಗೂಬೆಯನ್ನು ಓಡಿಸಿ ಕೈಗವಸನ್ನು ಕೂರಿಸಿದೆ.

ಫೆಬ್ರವರಿ ೨೮

ಕಳಿಸು ಕಳಿಸು ಅಂತ ಬರೆದಿದ್ದೆ. ಕಳಿಸಿದಳು.

‘ಮಹಡಿ ಮೆಟ್ಟಿಲ ಪಕ್ಕದ ಗೋಡೆಗೆ ಹೊಸ ಬಣ್ಣದ ಕಾಗದ ಅಂಟಿಸಿದ್ದಾರೆ, ಗಿಳಿಗಳ ಚಿತ್ರ. ಕೈಯಾಡಿಸಿದರೆ ಅದರಡಿ ಬಾಗಿಲ ಚೌಕಟ್ಟು ಸಿಗುತ್ತೆ. ಹಳೇ ಕೆಲಸದವಳು ಬೆಟ್ಟಿ ನಾನು ತಡವೋದನ್ನ ನೋಡಿದಳು. “ಅಮ್ಮಾ, ಹಿಂದಿನ ಯಜಮಾನ್ತಿ ಆ ಸಹಿ ಹಾಕಿದ್ದೇ ಹಾಕಿದ್ದು…” ಅಂತ ಶುರು ಮಾಡಿದಳು. ಅಷ್ಟರಲ್ಲಿ ಮನೆ ನೋಡಿಕೊಳ್ಳೋ ಮಿಸೆಸ್ ಗ್ರೈಸ್ ಬಂದಳು. ಮಾರನೇ ದಿನ ಬೆಳಿಗ್ಗೆ ಬೆಟ್ಟಿಯ ಪೆಟ್ಟಿಗೆ ಗಾಡಿ ಹತ್ತಿತ್ತು. ಎರಡು, ಮೂರು. ಅಕ್ಕ, ಲೆಕ್ಕ ತಪ್ಪಬೇಡ.’

ಗಿಳಿಗಳು! ನನಗೆ ಹತ್ತು ವರ್ಷ ಕೂತರೂ ಗಿಳಿಗಳು ಹೊಳೆಯುತ್ತಿರಲಿಲ್ಲ. ನಾನಾಗಿದ್ದರೆ ಕಬ್ಬಿಣದ ಬಾಗಿಲು ಹಾಕಿ, ಮೇಲೆ ಜೇಡರ ಬಲೆ ಕಟ್ಟಿಸಿ, ಎಲ್ಲ ಕೆಡಿಸುತ್ತಿದ್ದೆ.

ನಕಲು ಮಾಡುವವರು ಇಲ್ಲ, ನನ್ನ ಕಣ್ಣು ಮೊದಲಿನ ಹಾಗಿಲ್ಲ. ಟ್ಯಾಮ್ಸಿನ್‌ಳ ಅಕ್ಷರವಂತೂ ಮುತ್ತು. ಹಾಗಾಗಿ ಕಾಗದದ ಆ ಭಾಗವನ್ನೇ ಕತ್ತರಿಸಿ ಹಸ್ತಪ್ರತಿಗೆ ಗುಂಡುಸೂಜಿಯಲ್ಲಿ ಚುಚ್ಚಿದೆ. ‘ಇವರು’ ಎಂದಿದ್ದ ಕಡೆ ನನ್ನ ಕಥೆಯ ದುಷ್ಟ ದೊರೆ ‘ಕೌಂಟ್’ ಎಂದು ತಿದ್ದಿದರೆ ಆಯಿತು.

ಮಾರ್ಚ್ ೨೦

‘ದಿನಾ ಸಂಜೆ ಇವರೇ ಕೈಯಾರೆ ಬಿಸಿ ಹಾಲಿಗೆ ಏನೋ ಬೆರೆಸಿ ತಂದುಕೊಡ್ತಾರೆ. ನಿದ್ದೆಗೆ ಒಳ್ಳೇದು ಅಂತಾರೆ. ನಾನು ಕುಡಿದು ಮುಗಿಸೋ ತನಕ ಬಾಗಿಲ ಹತ್ತಿರ ನಿಂತಿರ್ತಾರೆ. ಬೆಳಿಗ್ಗೆ ಹತ್ತಾದ್ರೂ ಕಣ್ಣು ಬಿಡೋಕಾಗಲ್ಲ. ನಾಲ್ಕಾಯ್ತು ಅಕ್ಕ. ಐದನೆಯದನ್ನ ನೀನೇ ನೋಡಿದ್ದೀಯ. ನಮ್ಮ ಮದುವೇಲಿ ಊಟಕ್ಕೆ ನಿನ್ನ ಪಕ್ಕದಲ್ಲೇ ಕೂತಿತ್ತು.’

ಮದುವೆಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದವರು ಹಾಲ್ಡನ್ ಅವರ ಚಿಕ್ಕಪ್ಪ, ಕಿವಿ ಕೇಳದ ಮುದುಕ. ಇನ್ನೊಂದು ಪಕ್ಕಕ್ಕೆ ಮದುಮಗನೇ. ಕಿವುಡನನ್ನು ಹೊಗಳುವವರು ಯಾರು? ಏನೋ ತಮಾಷೆ ಮಾಡಿದ್ದಾಳೆ, ನನಗೆ ಹೊಳೆಯಲಿಲ್ಲ. ಇರಲಿ. ಹಾಲನ್ನು ದ್ರಾಕ್ಷಾರಸ ಮಾಡಲೇ ಅಂತ ಯೋಚಿಸಿದೆ. ಬೇಡ, ಹಾಲೇ ಭಯಂಕರ.

ಅಧ್ಯಾಯ ಮುಗಿಯಿತು. ಲಂಡನ್ನಿಗೆ ಹೊರಟಿತು.

ಏಪ್ರಿಲ್ ೨

ಸ್ಪರ್ಲಿಂಗ್ ಬರೆದಿದ್ದಾರೆ: ‘ನನ್ನ ಹೆಂಡತಿ ಎರಡು ದಿನದಿಂದ ಹಾಲು ಕುಡಿಯುತ್ತಿಲ್ಲ. ಅಭಿನಂದನೆಗಳು.’ ಕುಣಿದಾಡಿಬಿಟ್ಟೆ. ಈ ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಒಬ್ಬಳೇ, ಅಡುಗೆಮನೆಯಲ್ಲಿ.

ಮೇ ೧೧

ಕರಡಚ್ಚು ತಿದ್ದಿ ಕಳಿಸಿದೆ. ಟ್ಯಾಮ್ಸಿನ್‌ಗೆ ಉದ್ದದ ಕಾಗದ ಬರೆದೆ. ‘ನೀನು ಅಚ್ಚಿನಲ್ಲಿ ಬರುತ್ತಿದ್ದೀಯ ಕಣೇ! ನಿನ್ನ ಮೂರು ಕಾಗದಗಳಿಗೂ ಕತ್ತರಿ ಬಿತ್ತು. ಬೇಕಾದ್ದೆಲ್ಲ ಮುದ್ರಣಾಲಯಕ್ಕೆ ಹೋಯಿತು, ಮಿಕ್ಕ ಚೂರು ಒಲೆಗೆ. ನಿನ್ನ ಅಕ್ಷರದ ಒಂದು ತುಣುಕೂ ನನ್ನ ಹತ್ತಿರ ಉಳಿದಿಲ್ಲ. ಇನ್ನಷ್ಟು ಕಳಿಸು, ಎರಡನೇ ಸಂಪುಟ ಹಸಿದು ಕೂತಿದೆ.’

ಜೂನ್ ೧೫

ಉತ್ತರವಿಲ್ಲ. ಎರಡನೇ ಸಂಪುಟದಲ್ಲಿ ನಾಯಕಿಗೆ ಪಿಸ್ತೂಲು ಕೊಡುವುದೋ ಬೇಡವೋ ತಿಳಿಯುತ್ತಿಲ್ಲ.

ಜುಲೈ ೩

ಮೊದಲ ಸಂಪುಟ ಬಂತು. ಟಪ್ಪರ್ ಅಂಗಡಿಯಲ್ಲಿ ಆರು ಪ್ರತಿ ಇಟ್ಟಿದ್ದಾಳೆ, ಆರೂ ಹೊರಗಿವೆ, ಇಪ್ಪತ್ತು ಜನ ಕಾಯುತ್ತಿದ್ದಾರೆ. ಹೋಗಿ ಹೊಗಳಿಸಿಕೊಂಡು ಬರೋಣ ಎಂದು ಹೊರಟೆ. ಆಕೆ ನನ್ನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು.

“ಆ ಕೈಗವಸು ನೀವು ಬರ್ದಿದ್ದಲ್ಲ.”

“ಯಾಕೆ, ನನ್ನ ಕೈಲಾಗಲ್ವಾ?”

“ಕೋಪ ಮಾಡ್ಕೋಬೇಡಿ. ಇಪ್ಪತ್ತು ವರ್ಷದಿಂದ ಇಂಥ ಪುಸ್ತಕಾನೇ ಬಾಡಿಗೆಗೆ ಕೊಡ್ತಿದ್ದೀನಿ. ಕಟ್ಟಿದ್ದು ಯಾವ್ದು, ಕಂಡಿದ್ದು ಯಾವ್ದು ಅಂತ ಗೊತ್ತಾಗತ್ತೆ. ಕಚ್ಚಿದ್ದನ್ನ ಹೊಲ್ದು ಮತ್ತೆ ಕಚ್ಚೋದನ್ನ ಯಾರೂ ಕಟ್ಟಲ್ಲ. ಎಲ್ಲಿ ಸಿಕ್ತು?”

“ಟ್ಯಾಮ್ಸಿನ್ ಬರೆದು ಕಳಿಸಿದಳು. ಪುಸ್ತಕಕ್ಕೆ ಅಂತ.”

“ಬಾಗಿಲು?”

“ಅವಳೇ.”

“ಹಾಲು?”

“ಅದೂ ಅವಳೇ. ಏನೀಗ?”

ಮಿಸೆಸ್ ಟಪ್ಪರ್ ಮೆಲ್ಲಗೆ, “ಅವಳ ಕಾಗದ ಬಂದು ಎಷ್ಟು ದಿನ ಆಯ್ತು, ತಾಯಿ?” ಅಂದಳು. ನಾನು ಸಿಟ್ಟಿನಿಂದ ಎದ್ದು ಬಂದೆ. ಈ ಊರಿನಲ್ಲಿ ಒಬ್ಬರ ಏಳಿಗೆ ಇನ್ನೊಬ್ಬರಿಗೆ ಹಿಡಿಸುವುದಿಲ್ಲ.

ಜುಲೈ ೪

ಮಾರ್ಚ್ ೨೦ರಿಂದ ಬಂದಿಲ್ಲ.

ಜುಲೈ ೧೯

ಎರಡು ಕಾಗದ ಹಾಕಿದೆ. ಎರಡಕ್ಕೂ ಹಾಲ್ಡನ್ ಅವರೇ ಉತ್ತರಿಸಿದ್ದಾರೆ: ಟ್ಯಾಮ್ಸಿನ್‌ಗೆ ಸ್ವಲ್ಪ ಸುಸ್ತು, ಗಾಬರಿ ಬೇಡ, ನಿಮ್ಮ ಪುಸ್ತಕ ಹುಡುಕಿಸಿ ತರಿಸಿದ್ದೇವೆ. ಬಹಳ ಮರ್ಯಾದೆಯ ಕಾಗದ. ನಾನೇ ಇಂಥ ಕಾಗದಗಳನ್ನು ಎಷ್ಟೋ ಬರೆದಿದ್ದೇನೆ, ಕೌಂಟ್‌ಗಳ ಹೆಸರಿನಲ್ಲಿ. ಊಟ ಸೇರುತ್ತಿಲ್ಲ.

ಆಗಸ್ಟ್ ೧೪

ಹಾಲ್ಡನ್ ಅವರ ಇನ್ನೊಂದು ಕಾಗದ ಬಂತು. ಮೂರು ಸಲ ಓದಿದ್ದೇನೆ. ಸಾರಾಂಶ ಇಷ್ಟು. ಟ್ಯಾಮ್ಸಿನ್‌ಗೆ ಬುದ್ಧಿ ಕೆಟ್ಟಿದೆಯಂತೆ. ಮನೆಯಲ್ಲಿ ಮುಚ್ಚಿದ ಕೋಣೆ ಇದೆ, ಹಾಲಿನಲ್ಲಿ ಮದ್ದು ಇದೆ, ಮೊದಲ ಹೆಂಡತಿಯನ್ನು ಕೊಂದಿದ್ದಾರೆ ಅಂತ ಪಾದ್ರಿಯ ಎದುರು ಕೂಗಾಡಿದಳಂತೆ. ‘ನನಗೆ ದಿಕ್ಕೇ ತೋಚಿರಲಿಲ್ಲ. ನಿಮ್ಮ ಪುಸ್ತಕದ ಮೊದಲ ಅಧ್ಯಾಯ ಓದಿದ ಮೇಲೆ ರೋಗದ ಮೂಲ ತಿಳಿಯಿತು. ಒಂದೊಂದು ಮಾತೂ ಅದರಲ್ಲಿದೆ. ಡಾಕ್ಟರ್ ಫೆನ್ನಿಕ್ ಅವರಿಗೂ ಓದಿಸಿದೆ. ಕಾದಂಬರಿ ಓದಿ ಓದಿ ಮನಸ್ಸು ಕದಡಿದೆ ಎಂದು ಅವರು ಬರೆದುಕೊಟ್ಟಿದ್ದಾರೆ. ಆಗಸ್ಟ್ ಒಂದರಿಂದ ಗ್ಲಾಸ್ಟರಿನ ಹೊರಗಿರುವ ಅವರ ಹುಚ್ಚರ ಮನೆಯಲ್ಲಿ ಇಟ್ಟಿದ್ದೇವೆ.’

ಅವನು ಕಾದಿದ್ದಾನೆ. ನನ್ನ ಹತ್ತಿರ ಅವಳ ಅಕ್ಷರದ ಒಂದು ತುಣುಕೂ ಉಳಿದಿಲ್ಲ ಅಂತ ನಾನೇ ಬರೆದು ತಿಳಿಸುವ ತನಕ ಕಾದಿದ್ದಾನೆ. ಪುಸ್ತಕ ಬರುವ ತನಕವೂ ಕಾದಿದ್ದಾನೆ. ಈಗ ಮೊದಲು ಬರೆದವಳು ನಾನು, ಅದನ್ನು ಓದಿ ಕೆಟ್ಟವಳು ಅವಳು.

ಗಂಡ ಓದಿ ಮುದ್ರೆ ಹಾಕುವ ಕಾಗದದಲ್ಲಿ ಇನ್ನು ಹೇಗೆ ಬರೆಯಬೇಕಿತ್ತು ಅವಳು? ನನಗೆ ಅರ್ಥವಾಗುವ ಒಂದೇ ಭಾಷೆಯಲ್ಲಿ ಬರೆದಳು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿಯೂ ಕೊಟ್ಟಳು. ಹುಡುಗಿಗೆ ಎಲ್ಲ ಗೊತ್ತಿತ್ತು. ಓದಿದವಳಿಗೇ ಗೊತ್ತಾಗಲಿಲ್ಲ. ಗಿಳಿಗಳು ಚೆನ್ನಾಗಿವೆ ಅಂದುಕೊಂಡು ಕೂತೆ.

ಥೂ ನನ್ನ ಜನ್ಮಕ್ಕೆ.

ಆಗಸ್ಟ್ ೨೭

ಮುದ್ರಣಾಲಯದಿಂದ ಉತ್ತರ ಬಂತು. ಅಚ್ಚಾದ ಮೇಲೆ ಹಸ್ತಪ್ರತಿಯನ್ನು ಇಟ್ಟುಕೊಳ್ಳುವ ಪದ್ಧತಿ ಅವರಲ್ಲಿಲ್ಲ. ಮೇ ತಿಂಗಳ ರದ್ದಿಯೆಲ್ಲ ಪೆಟ್ಟಿಗೆ ಮಾಡುವವರಿಗೂ ಪೈ ಅಂಗಡಿಗಳಿಗೂ ಹೋಯಿತಂತೆ. ಪೆಟ್ಟಿಗೆಯ ಒಳಮೈಗೆ ಅಂಟಿಸುತ್ತಾರೆ. ಪೈ ತಟ್ಟೆಯ ಅಡಿಗೆ ಹಾಕುತ್ತಾರೆ.

ಮಿಸೆಸ್ ಟಪ್ಪರ್ ಬಂದಿದ್ದಳು. ನಾನೇ ಬಾಗಿಲಲ್ಲಿ ಅವಳನ್ನು ತಬ್ಬಿಕೊಂಡು ಅತ್ತೆ. ನಾಳೆಯ ಗಾಡಿಗೆ ಜಾಗ ಹಿಡಿಸಿದ್ದಾಳೆ. ರೊಟ್ಟಿ, ಗಿಣ್ಣು ಕಟ್ಟಿಕೊಟ್ಟಳು. ಹೋಗುವಾಗ, “ಅಲ್ಲಿ ಜಾಸ್ತಿ ಮಾತಾಡ್ಬೇಡಿ. ಮಾತಾಡೋ ಹೆಂಗಸರನ್ನ ಅಲ್ಲಿ ಇಟ್ಕೊಂಡ್ಬಿಡ್ತಾರೆ” ಅಂದಳು. ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ ೩. ಗ್ಲಾಸ್ಟರ್

ದಾರಿಯಲ್ಲಿ ಜ್ವರ ಬಂದು ಬ್ರಿಸ್ಟಲಿನ ಛತ್ರದಲ್ಲಿ ಮೂರು ದಿನ ಮಲಗಿಬಿಟ್ಟೆ. ಇವತ್ತು ತಲುಪಿದೆ.

ಡಾಕ್ಟರ್ ಫೆನ್ನಿಕ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಮೇಜಿನ ಮೇಲೆ ನನ್ನ ಪುಸ್ತಕ, ಅದರ ಪಕ್ಕ ಟ್ಯಾಮ್ಸಿನ್ ಹೇಳಿದ್ದನ್ನೆಲ್ಲ ಬರೆದುಕೊಂಡ ಹಾಳೆ. ಒಂದರ ಎದುರಿಗೆ ಒಂದು ಗೆರೆ ಎಳೆದು ಜೋಡಿಸಿದ್ದಾರೆ.

“ನೋಡಿ ಮಿಸ್ ಪೆಲ್ಲೋ, ಕೈಗವಸು, ಕೈಗವಸು. ಬಾಗಿಲು, ಬಾಗಿಲು. ಗಿಳಿ ಕೂಡ ಇದೆ. ಪುಸ್ತಕ ಮೊದಲು ಅಚ್ಚಾಗಿದೆ, ಅವರು ಕೂಗಾಡಿದ್ದು ಆಮೇಲೆ. ಇದಕ್ಕಿಂತ ಸ್ಪಷ್ಟವಾದ ಕೇಸು ನಾನು ನೋಡೇ ಇಲ್ಲ.”

“ನನ್ನ ತಂಗಿಯ ಕಾಗದದಿಂದಲೇ ನಾನು ತೆಗೆದುಕೊಂಡದ್ದು.”

“ಆಗಬಹುದು. ಕಾಗದ ತೋರಿಸಿ.”

ಉಳಿದಿಲ್ಲ ಅಂದೆ. ಅವರು ಮರುಕದಿಂದ ನೋಡಿದರು. ಆ ಮರುಕವನ್ನು ಎತ್ತಿ ಅವರ ಮುಖಕ್ಕೇ ಎಸೆಯಬೇಕು ಅನಿಸಿತು.

“ಒಂದು ದಾರಿ ಇದೆ” ಅಂದರು. “ಅವರು ನಿಮ್ಮನ್ನ ಬಹಳ ನಂಬ್ತಾರೆ. ಆ ಅಧ್ಯಾಯ ಪೂರ್ತಿ ನನ್ನ ಕಲ್ಪನೆ ಅಂತ ನೀವು ಬರೆದು ಸಹಿ ಹಾಕಿಕೊಡಿ. ಅವರ ಎದುರಿಗೆ ಓದ್ತೀನಿ. ಭ್ರಮೆ ಹರಿಯುತ್ತೆ. ಗುಣವಾಯ್ತು ಅಂತ ನಾನು ಬರೆದುಕೊಡ್ತೀನಿ, ಒಂದು ವಾರದಲ್ಲಿ ಮನೆಗೆ ಹೋಗಬಹುದು. ಹಾಲ್ಡನ್ ಅವರೂ ಕಾಯ್ತಿದ್ದಾರೆ. ದಿನಾ ಆಳು ಕಳಿಸಿ ವಿಚಾರಿಸ್ತಾರೆ, ಪಾಪ.”

ಸಹಿ ಹಾಕಿಬಿಡೋಣ ಅನಿಸಿತು. ಅವಳು ಹೊರಗೆ ಬಂದರೆ ಸಾಕು, ಆಮೇಲೆ ನಾನೇ ಎಲ್ಲಿಗಾದರೂ ಕರೆದುಕೊಂಡು ಓಡುತ್ತೇನೆ. ನಾಳೆ ಅವಳನ್ನು ನೋಡಿ ಹೇಳುತ್ತೇನೆ ಅಂದೆ.

ಸೆಪ್ಟೆಂಬರ್ ೪

ನೋಡಿದೆ. ಕೂದಲು ಕತ್ತರಿಸಿದ್ದಾರೆ. ಮಣಿಕಟ್ಟು ಇಷ್ಟೇ ಇಷ್ಟಾಗಿದೆ. ಆದರೆ ಕಣ್ಣು ನಮ್ಮ ಟ್ಯಾಮ್ಸಿನ್‌ಳದೇ. ತೋಟದಲ್ಲಿ ಕೋಸಿನ ಮಡಿಗಳ ನಡುವೆ ಅಡ್ಡಾಡಲು ಬಿಟ್ಟರು. ಕಾವಲಿನ ಹೆಂಗಸು ಹತ್ತು ಹೆಜ್ಜೆ ಹಿಂದೆ ಬಟಾಣಿ ಸುಲಿಯುತ್ತ ಬಂದಳು.

ನಾನು ಮೊದಲು ಕಾಲಿಗೆ ಬೀಳಲು ಹೋದೆ. ಅವಳು ರಟ್ಟೆ ಹಿಡಿದು ಎತ್ತಿದಳು.

“ಏಳು, ಅವಳು ನೋಡ್ತಾಳೆ. ಅಳಬೇಡ. ಅತ್ರೆ ಭೇಟಿ ಮುಗೀತು ಅಂತಾರೆ.”

“ನನಗೆ ಗೊತ್ತಾಗಲಿಲ್ಲ ಕಣೇ. ನಾನು ಮುಟ್ಠಾಳಿ.”

“ಹೌದು” ಅಂದಳು. ಸ್ವಲ್ಪ ದೂರ ನಡೆದ ಮೇಲೆ, “ಪುಸ್ತಕ ಓದಿದೆ. ಚೆನ್ನಾಗಿ ಬಂದಿದೆ” ಅಂದಳು. ಇದಕ್ಕಿಂತ ಅವಳು ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಡಾಕ್ಟರು ಹೇಳಿದ ದಾರಿಯನ್ನು ಹೇಳಿದೆ. ಒಂದು ವಾರದಲ್ಲಿ ಮನೆಗೆ ಹೋಗಬಹುದಂತೆ ಅಂದೆ. ಅವಳು ನಿಂತುಬಿಟ್ಟಳು.

“ಯಾವ ಮನೆಗೆ?”

“ನಾನು ಕರ್ಕೊಂಡು ಹೋಗ್ತೀನಿ. ಎಕ್ಸೆಟರಿಗೆ.”

“ನಿನ್ನ ಕೈಗೆ ಯಾರು ಕೊಡ್ತಾರೆ ಅಕ್ಕ? ಬುದ್ಧಿ ಸರಿ ಇರೋ ಹೆಂಡತಿ ಗಂಡನ ಸೊತ್ತು. ಗುಣವಾಯ್ತು ಅಂತ ಡಾಕ್ಟರು ಬರೆದ ಮಾರನೇ ದಿನ ಅವನ ಗಾಡಿ ಬಾಗಿಲಿಗೆ ಬರುತ್ತೆ. ಅವನಿಗೆ ಬೇಕಾಗಿರೋದೂ ಅದೇ. ಇಲ್ಲಿ ಒಂದೆರಡು ತಿಂಗಳು ಇಟ್ಟು ಮೆತ್ತಗೆ ಮಾಡಿ, ಮನೆಗೆ ಕರೆಸ್ಕೊಂಡು, ಸಹಿ ಹಾಕಿಸ್ಕೋಬೇಕು.”

ನಮ್ಮ ಸೋದರತ್ತೆ ಇವಳ ಹೆಸರಿಗೆ ಬಿಟ್ಟುಹೋದ ಸೇಬಿನ ತೋಟ, ಮನೆ. ಇವಳ ಸಹಿ ಇಲ್ಲದೆ 
ಗಂಡನಿಗೆ ದಕ್ಕುವುದಿಲ್ಲ ಅಂತ ಅತ್ತೆ ಉಯಿಲಿನಲ್ಲಿ ಬರೆದಿದ್ದರು. ನನಗೆ ಅದು ಮರೆತೇ ಹೋಗಿತ್ತು.

“ಸಹಿ ಹಾಕದೆ ನಾನು ಸತ್ರೆ ತೋಟ ನಿನಗೆ ಬರುತ್ತೆ. ಅದಕ್ಕೇ ನಾನಿನ್ನೂ ಬದುಕಿದ್ದೀನಿ” ಅಂದಳು. “ಅವಳು ಹಾಕಿದಳು, ಮೊದಲನೆಯವಳು. ಹತ್ತು ತಿಂಗಳು ಇದ್ದಳು ಅಷ್ಟೆ.”

“ಆ ಬಾಗಿಲ ಹಿಂದೆ ಏನಿತ್ತು ಟ್ಯಾಮ್ಸಿ?”

“ಏನೂ ಇಲ್ಲ. ಬರೀ ಕೋಣೆ. ಒಂದು ಮಂಚ. ಕೊನೇ ನಾಲ್ಕು ತಿಂಗಳು ಅವಳನ್ನ ಅಲ್ಲಿಟ್ಟಿದ್ರು. ಗಾಡಿ ಹತ್ತೋ ಮುಂಚೆ ಬೆಟ್ಟಿ ಹೇಳಿದಳು.”

ಕಾವಲಿನವಳು ಹತ್ತಿರ ಬಂದಳು. ಟ್ಯಾಮ್ಸಿನ್ ಬಗ್ಗಿ ಕೋಸಿನ ಎಲೆ ಮಗುಚಿ ಹುಳ ನೋಡುವ ಹಾಗೆ ಮಾಡಿದಳು. ಕಾವಲಿನವಳು ದೂರ ಹೋದ ಮೇಲೆ ತಲೆ ಎತ್ತದೆ ಹೇಳಿದಳು:

“ಹುಚ್ಚಿಯ ಸಹಿ ಯಾವ ಕೋರ್ಟಲ್ಲೂ ನಡೆಯಲ್ಲ ಅಕ್ಕ. ಇಲ್ಲಿಗೆ ಬರಬೇಕಾದ್ರೆ ಅವನಿಗೆ ಡಾಕ್ಟರ ಅಪ್ಪಣೆ ಬೇಕು. ಗಂಜಿ ಕೊಡ್ತಾರೆ, ಅದರಲ್ಲಿ ಗಂಜಿ ಬಿಟ್ಟು ಬೇರೇನೂ ಇರಲ್ಲ. ಯಾವಾಗಲಾದ್ರೂ ತಣ್ಣೀರು ಸುರೀತಾರೆ. ತಡ್ಕೋಬಹುದು.”

“ಏನು ಮಾಡಲಿ ಹೇಳು. ನೀನು ಹೇಳಿದ್ದು ಮಾಡ್ತೀನಿ.”

“ನನಗೆ ಹುಚ್ಚು ಅಂತ ಬರೆದುಕೊಡು. ಹುಟ್ಟಿನಿಂದ ಇದೆ, ಹೋಗೋ ಹುಚ್ಚಲ್ಲ ಅಂತ ಬರಿ. ಅತ್ತೆಯ ವಕೀಲರಿಗೂ ಒಂದು ಪ್ರತಿ ಹೋಗಲಿ. ನೀನು ಬರೆದ್ರೆ ನಂಬ್ತಾರೆ.”

ಆಗುವುದಿಲ್ಲ ಅಂದೆ. ಅವಳು ನನ್ನ ತೋಳಿಗೆ ತೋಳು ಸೇರಿಸಿಕೊಂಡಳು, ಎಕ್ಸೆಟರಿನಲ್ಲಿ ಸಂತೆಗೆ ಹೋಗುವಾಗ ಮಾಡುತ್ತಿದ್ದ ಹಾಗೆ.

“ಆಗುತ್ತೆ. ಚೆನ್ನಾಗಿ ಬರಿ” ಅಂದಳು.

ಸೆಪ್ಟೆಂಬರ್ ೫

ಛತ್ರದ ಕೋಣೆಯಲ್ಲಿ ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಸ್ಪರ್ಲಿಂಗ್ ಎರಡನೇ ಸಂಪುಟ ಎಲ್ಲಿ ಎಂದು ಕೇಳಿದ ಕಾಗದ ಇಲ್ಲಿಗೂ ಬಂದಿದೆ. ಒಡೆದಿಲ್ಲ.

ಮೊದಲ ಸಾಲಿನಲ್ಲೇ ಹುಚ್ಚಿ ಅನ್ನಬಾರದು. ಅಂದರೆ ಡಾಕ್ಟರು ಅನುಮಾನಿಸುತ್ತಾರೆ, ಮೊನ್ನೆ ಬೇರೆ ಹೇಳಿದ್ದಳಲ್ಲ ಅನ್ನುತ್ತಾರೆ. ಮೊದಲು ಚಿಕ್ಕ ಚಿಕ್ಕ ಸಂಗತಿ. ಏಳು ವರ್ಷದವಳಿದ್ದಾಗ ಗೊಂಬೆಗೆ ಊಟ ಹಾಕಲು ಬಿಡುತ್ತಿರಲಿಲ್ಲ, ವಿಷವಿದೆ ಅನ್ನುತ್ತಿದ್ದಳು. ಹನ್ನೆರಡಕ್ಕೆ ಗೋಡೆಗಳನ್ನು ತಡವುತ್ತಿದ್ದಳು. ಆಮೇಲೆ ಅಮ್ಮ. ಅಮ್ಮನಿಗೂ ಹೀಗೇ ಇತ್ತು, ಮನೆಯವರು ಮುಚ್ಚಿಟ್ಟೆವು, ಎಂದು ಅರ್ಧಕ್ಕೆ ನಿಲ್ಲಿಸಿ ಮುಂದಿನದು ಬರೆಯಲಾರೆ ಅಂದೆ. ಡಾಕ್ಟರು ಮಿಕ್ಕದ್ದನ್ನು ತಾವೇ ಊಹಿಸಿಕೊಳ್ಳುತ್ತಾರೆ. ತಾವೇ ಊಹಿಸಿದ್ದನ್ನು ಯಾರೂ ಬಿಟ್ಟುಕೊಡುವುದಿಲ್ಲ.

ನಮ್ಮಮ್ಮ ಸಾಯುವ ದಿನವೂ ಮೀನಿನವಳ ಹತ್ತಿರ ಚೌಕಾಸಿ ಮಾಡಿದವಳು. ಇಡೀ ಬೀದಿಗೆ ಬುದ್ಧಿ ಹೇಳಿದವಳು. ಅಮ್ಮಾ, ಕ್ಷಮಿಸು.

ನಾಲ್ಕು ಸಲ ತಿದ್ದಿ ಬರೆದೆ. ಒಂದು ಮಾತೂ ಹೆಚ್ಚಿಲ್ಲ.

ಸೆಪ್ಟೆಂಬರ್ ೬

ಡಾಕ್ಟರ್ ಫೆನ್ನಿಕ್ ನನ್ನೆದುರಿಗೇ ಓದಿದರು. ಮೊದಲ ಪುಟದಲ್ಲಿ ಕನ್ನಡಕ ಸರಿಮಾಡಿಕೊಂಡರು. ಎರಡನೇ ಪುಟದಲ್ಲಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅಮ್ಮನ ವಿಷಯ ಬಂದಾಗ ತಲೆಯೆತ್ತಿ ನನ್ನನ್ನು ನೋಡಿ, “ನಾನು ಹೀಗೇ ಇರಬೇಕು ಅಂದುಕೊಂಡಿದ್ದೆ” ಅಂದರು.

“ನಿನ್ನೆ ಮೊನ್ನೆ ಕಾಗದ ಅಂತ ಏನೋ ಅಂದಿರಲ್ಲ?”

“ಅವಳ ಮರ್ಯಾದೆ ಉಳಿಸೋದಕ್ಕೆ ಸುಳ್ಳು ಹೇಳಿದೆ.”

“ಸಹಜ. ರಕ್ತಸಂಬಂಧ.”

ವಕೀಲರಿಗೆ ಕಳಿಸುವ ಪ್ರತಿಗೂ ಸಹಿ ಮಾಡಿ ಮುದ್ರೆ ಒತ್ತಿದರು. ಹಾಲ್ಡನ್‌ಗೆ ತಾವೇ ಬರೆಯುತ್ತೇವೆ, ಪಾಪ, ಅವರಿಗೆ ದೊಡ್ಡ ಆಘಾತ ಅಂದರು. ಟ್ಯಾಮ್ಸಿನ್‌ಳನ್ನು ಕರೆಸಿದರು. ಅವಳ ಎದುರಿಗೆ ನನ್ನ ಬರಹದ ಕೆಲವು ಸಾಲು ಓದಿ, ಇದೆಲ್ಲ ನಿಜವೇ ಅಂತ ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಮೆಲ್ಲಗೆ ತಡವತೊಡಗಿದಳು, ಮೂಲೆಯಿಂದ ಮೂಲೆಗೆ. ನನಗೆ ನೋಡಲಾಗಲಿಲ್ಲ. ಅವಳನ್ನು ಕರೆದುಕೊಂಡು ಹೋದರು.

ಡಾಕ್ಟರು ನನಗೆ ಒಂದು ಲೋಟ ನೀರು ತರಿಸಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, “ಆಸೆ ಹುಟ್ಟಿಸೋದು ನನ್ನ ಧರ್ಮ ಅಲ್ಲ, ಮಿಸ್ ಪೆಲ್ಲೋ. ಇಂಥವರು ಗುಣ ಆಗಲ್ಲ. ನಾನಿರೋ ತನಕ ನಿಮ್ಮ ತಂಗಿ ಈ ಗೇಟು ದಾಟೋ ಪ್ರಶ್ನೆಯೇ ಇಲ್ಲ” ಅಂದರು.

ನಿಮ್ಮಿಂದ ಬಹಳ ಉಪಕಾರವಾಯಿತು ಅಂದೆ.